ಹತ್ತಿ, ನಂಜು ಮತ್ತು ಎದೆಯ ಮೇಲಿನ ಗಾಯ

ದಾವಣಗೆರೆ ಅಂದ ತಕ್ಷಣ ಈಗ ಎಲ್ಲರಿಗೂ ಬೆಣ್ಣೆದೋಸೆ ನೆನಪಾಗುತ್ತೆ. ಆದರೆ ನಮ್ಮೂರಿಗೆ ಮೊದಲು ಹೆಸರು ತಂದದ್ದು ಹತ್ತಿ. 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ಕರೆಸಿಕೊಂಡ ಊರು ಇದು. ಕಾಟನ್ ಮಿಲ್ಲು, ಚಂದ್ರೋದಯ ಮಿಲ್ಲು, ಆಚೆ ತೋಳಹುಣಸೆಯಲ್ಲಿ ಯಲ್ಲಮ್ಮ ಮಿಲ್ಲು... ಶಿಫ್ಟಿನ ಸೈರನ್ ಕೇಳಿ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಕಾಲ ಮುಗಿದು ಎಷ್ಟೋ ವರ್ಷಗಳಾದವು. ಮಿಲ್ಲುಗಳು ಹೋದವು, ಆಸ್ಪತ್ರೆಗಳು ಬಂದವು. ಇವತ್ತು ಸುತ್ತಲಿನ ನಾಲ್ಕೈದು ಜಿಲ್ಲೆಯವರು ಇಲ್ಲಿ ಬಸ್ಸಿಳಿಯುವುದೇ ಆಸ್ಪತ್ರೆಗೆ ಅಂತ.

ಹಾಗೆ ಬರುವವರಲ್ಲಿ ಎದೆಯಲ್ಲಿ ಗಂಟು ಅಂತ ಬರುವ ಹೆಣ್ಣುಮಕ್ಕಳೂ ಇರುತ್ತಾರೆ. ಆಪರೇಷನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆಪರೇಷನ್ ಮುಗಿದ ಮೇಲೆ ಉಳಿಯುವ ಗಾಯದ ಬಗ್ಗೆ ಮಾತಾಡುವವರು ಕಡಿಮೆ. "ಗಂಟು ತೆಗೆದ್ರಲ್ಲ, ಇನ್ನೇನು?" ಅಂತ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಆ ಗಾಯ ಹೊತ್ತಿಗೆ ಸರಿಯಾಗಿ ಮಾಯದಿದ್ದರೆ ಮುಂದಿನ ಕೀಮೋ, ರೇಡಿಯೇಷನ್ ಎಲ್ಲವೂ ಮುಂದಕ್ಕೆ ಹೋಗುತ್ತವೆ. ಗಂಟು ತೆಗೆದದ್ದರ ಲಾಭದಲ್ಲಿ ಒಂದು ಪಾಲು ಹೀಗೆ ಕೈತಪ್ಪಿ ಹೋಗಬಹುದು. ಹಾಗಾಗಿ ಈ ಗಾಯದ ಚರಿತ್ರೆ ಬರೆಯೋಣ ಅನ್ನಿಸಿತು.

ನಮ್ಮ ಕಡೆ ಗಾಯ ಕೆಟ್ಟರೆ 'ನಂಜಾಯ್ತು' ಅಂತಾರೆ. ಎಂಥ ಒಳ್ಳೆ ಪದ ನೋಡಿ! ನಂಜು ಅಂದರೆ ವಿಷ. ಹೊರಗಿನಿಂದ ಏನೋ ಒಳಹೊಕ್ಕು ಕೆಡಿಸಿತು ಅನ್ನುವ ಅರಿವು ಆ ಪದದಲ್ಲೇ ಇದೆ. ಯುರೋಪಿನ ಡಾಕ್ಟರುಗಳಿಗೆ ಇಷ್ಟೂ ಹೊಳೆದಿರಲಿಲ್ಲ ಅಂದರೆ ನಂಬುತ್ತೀರಾ? ಅಲ್ಲಿ ಬಹುಕಾಲ ಗಟ್ಟಿ ಬಿಳಿ ಕೀವು ಬಂದರೆ ಒಳ್ಳೆಯದು, ಗಾಯ ಮಾಯುವ ಲಕ್ಷಣ ಅಂತಲೇ ನಂಬಿದ್ದರು. ಆಸ್ಪತ್ರೆಯಲ್ಲಿ ಚಾಕು ಹಾಕಿಸಿಕೊಂಡವರು ರೋಗಕ್ಕಿಂತ ಕೀವಿಗೇ ಹೆಚ್ಚು ಹೆದರಬೇಕಿತ್ತು.

ಅದು ಬದಲಾದದ್ದು ಗ್ಲಾಸ್ಗೋದಲ್ಲಿ. ಜೋಸೆಫ್ ಲಿಸ್ಟರ್ 1865ರಲ್ಲಿ ಗಾಡಿ ಹರಿದು ಕಾಲು ಮುರಿದುಕೊಂಡಿದ್ದ 11 ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ. ಕೀವಾಗಲಿಲ್ಲ, ಕಾಲು ಉಳಿಯಿತು. ಇದು ಶಾಲೆಯ ಪುಸ್ತಕಗಳಲ್ಲೂ ಬರುವ ಕಥೆ. ಅದಾಗಿ ಎರಡು ವರ್ಷಕ್ಕೆ ನಡೆದದ್ದು ಅಷ್ಟಾಗಿ ಗೊತ್ತಿಲ್ಲ. ಲಿಸ್ಟರನ ಸ್ವಂತ ಅಕ್ಕ ಇಸಬೆಲ್ಲಾಳಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಬೇರೆ ಸರ್ಜನ್ನರು ಕೈಹಾಕಲು ಒಪ್ಪಲಿಲ್ಲ. ಲಿಸ್ಟರ್ ಮೊದಲು ಹೆಣದ ಮೇಲೆ ಅಭ್ಯಾಸ ಮಾಡಿದ, ಎಡಿನ್‌ಬರೋಗೆ ಹೋಗಿ ಮಾವ ಜೇಮ್ಸ್ ಸೈಮ್‌ನ ಸಲಹೆ ಕೇಳಿದ. ಆಮೇಲೆ 1867ರ ಜೂನ್‌ನಲ್ಲಿ ತನ್ನ ಮನೆಯಲ್ಲೇ, ಊಟದ ಮೇಜಿನ ಮೇಲೆ, ಕ್ಲೋರೋಫಾರ್ಮ್ ಕೊಡಿಸಿ ಅಕ್ಕನ ಎದೆಯನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದ. ಮೇಲೆ ಕಾರ್ಬಾಲಿಕ್‌ನಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ಪದರ ಪದರವಾಗಿ ಹೊದಿಸಿದ.

ಅಷ್ಟು ದೊಡ್ಡ ಗಾಯ ಕೀವಿಲ್ಲದೆ ಮಾಯಿತು. ಇಸಬೆಲ್ಲಾ ಮುಂದೆ ಸುಮಾರು ಮೂರು ವರ್ಷ ಬದುಕಿದಳು. ಕೊನೆಗೆ ಕ್ಯಾನ್ಸರ್ ಬೇರೆಡೆ ಹರಡಿ ತೀರಿಕೊಂಡಳು. ಆದರೆ ಗಾಯ ಅವಳನ್ನು ಕೊಲ್ಲಲಿಲ್ಲ. ಆ ಕಾಲಕ್ಕೆ ಅದೇ ಹೊಸ ಸುದ್ದಿ. ಅಕ್ಕನ ಎದೆಗೆ ಚಾಕು ಹಾಕುವಾಗ ಆ ತಮ್ಮನ ಕೈ ಹೇಗಿದ್ದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದುಂಟು.

ಈಗ ನಮ್ಮ ಹತ್ತಿಗೆ ಬರೋಣ. ದೇವರ ಮನೆಯಲ್ಲಿ ಬತ್ತಿ ಹೊಸೆಯಲು ಇಟ್ಟ ಹತ್ತಿ ಇದೆಯಲ್ಲ, ಗಿಡದಿಂದ ಬಿಡಿಸಿದ್ದು, ಅದರದ್ದೊಂದು ಚೂರು ನೀರಿನ ಲೋಟಕ್ಕೆ ಹಾಕಿ. ತೇಲುತ್ತೆ. ಮೆಡಿಕಲ್ ಶಾಪಿನ ಹತ್ತಿ ಹಾಕಿ. ತಕ್ಷಣ ನೀರು ಕುಡಿದು ಮುಳುಗುತ್ತೆ. ಎರಡೂ ಹತ್ತಿಯೇ. ವ್ಯತ್ಯಾಸ ಏನಪ್ಪಾ ಅಂದರೆ ಗಿಡದ ಹತ್ತಿಯ ಎಳೆಗೆ ಮೇಣದಂಥ ಜಿಡ್ಡಿನ ಲೇಪ ಇರುತ್ತೆ, ನೀರು ಒಳಗೆ ಹೋಗುವುದಿಲ್ಲ. ಕ್ಷಾರ ಹಾಕಿ ಕುದಿಸಿ, ಬ್ಲೀಚ್ ಮಾಡಿ ಆ ಜಿಡ್ಡು ತೆಗೆದರೆ ಅದು ಗಾಯದ ನೀರು ಹೀರುವ ಹತ್ತಿ. 1880ರಲ್ಲಿ ಬರ್ಮಿಂಗ್‌ಹ್ಯಾಮಿನ ಸರ್ಜನ್ ಸ್ಯಾಂಪ್ಸನ್ ಗಾಮ್ಜಿ ಇಂಥ ಹತ್ತಿಯನ್ನು ಎರಡು ಪದರ ಗಾಜ್ ಬಟ್ಟೆಯ ನಡುವೆ ಇಟ್ಟು ಮೆತ್ತೆ ಮಾಡಿದ. ಇಂದಿಗೂ ಆಸ್ಪತ್ರೆಗಳಲ್ಲಿ ನರ್ಸಮ್ಮನವರು 'ಗಾಮ್ಜಿ ಪ್ಯಾಡ್ ತನ್ನಿ' ಅಂತ ಚೀಟಿ ಬರೆದುಕೊಡುತ್ತಾರೆ. ಅದು ಒಬ್ಬ ಮನುಷ್ಯನ ಹೆಸರು ಅಂತ ಎಷ್ಟು ಜನಕ್ಕೆ ಗೊತ್ತು? :-)

ಹಾಗೆಂದು ಹೀರುವ ಹತ್ತಿಯಿಂದ ಎಲ್ಲ ಮುಗಿಯಲಿಲ್ಲ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ 50 ಆಪರೇಷನ್ನುಗಳ ವರದಿ ಪ್ರಕಟಿಸಿದ. ಸ್ತನದ ಜೊತೆ ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ಒಟ್ಟಿಗೇ ತೆಗೆಯುವ ವಿಧಾನ ಅದು. ಮುಂದೆ ಮುಕ್ಕಾಲು ಶತಮಾನ ಜಗತ್ತೆಲ್ಲ ಅದನ್ನೇ ಮಾಡಿತು. ಗಾಯ ಎಷ್ಟು ದೊಡ್ಡದಿರುತ್ತಿತ್ತೆಂದರೆ ಚರ್ಮ ಸಾಲದೆ ಬೇರೆ ಕಡೆಯ ಚರ್ಮ ತೆಗೆದು ಮುಚ್ಚಬೇಕಾಗುತ್ತಿತ್ತು. ಹಾಗೆ ಮಾಡಿಸಿಕೊಂಡವರಲ್ಲಿ ಎಷ್ಟೋ ಜನರ ತೋಳು ಊದಿಕೊಳ್ಳುತ್ತಿತ್ತು. 1921ರಲ್ಲಿ ಹಾಲ್‌ಸ್ಟೆಡ್ಡೇ ಅದಕ್ಕೆ ಆನೆಕಾಲಿನ ಹೆಸರು ಕೊಟ್ಟು, ಸರ್ಜನ್ ತಂದ ಆನೆಕಾಲು ಅನ್ನುವ ಅರ್ಥದಲ್ಲಿ ಬರೆದ. ಗಾಯಕ್ಕೆ ತಗಲುವ ನಂಜೇ ಅದಕ್ಕೆ ಕಾರಣ ಅನ್ನುವುದು ಅವನ ಅನುಮಾನ. ಕಂಕುಳಿನ ಗ್ರಂಥಿ ತೆಗೆದರೆ ತೋಳಿನ ರಸ ಹರಿಯುವ ದಾರಿಯೇ ಕಡಿದುಹೋಗುತ್ತೆ ಅಂತ ಈಗ ಗೊತ್ತು. ನಂಜು ಸೇರಿದರೆ ಊತ ಇನ್ನೂ ಹೆಚ್ಚುತ್ತೆ ಅನ್ನುವುದೂ ನಿಜ.

ಎದೆಯ ಗಾಯದ ದೊಡ್ಡ ತೊಂದರೆ ಹೊರಗೆ ಕಾಣುವುದಿಲ್ಲ. ಸ್ತನ ತೆಗೆದ ಜಾಗದಲ್ಲಿ ಚರ್ಮದ ಕೆಳಗೆ ಪೊಳ್ಳು ಉಳಿಯುತ್ತೆ, ಅಲ್ಲಿ ನೀರು ತುಂಬಿಕೊಳ್ಳುತ್ತೆ. ಹಿಂದೆ ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿ, ತೋಳನ್ನೂ ಸೇರಿಸಿ ಕಟ್ಟಿಬಿಡುತ್ತಿದ್ದರು. ಆಮೇಲೆ ಭುಜ ಬಿಗಿದು ಕೈ ಮೇಲೇಳುತ್ತಿರಲಿಲ್ಲ. ಇದಕ್ಕೆ ಪರಿಹಾರ ಹತ್ತಿಯಿಂದ ಬರಲಿಲ್ಲ, ಗಾಳಿ ಎಳೆಯುವ ಡಬ್ಬಿಯಿಂದ ಬಂತು. ಫ್ರಾನ್ಸಿನ ರೆಡೋನ್ 1954ರಲ್ಲಿ ಹೇಳಿದ ಉಪಾಯ ಇದು. ಚರ್ಮದ ಕೆಳಗೊಂದು ತೂತಿನ ಪೈಪು, ಅದರ ತುದಿಗೆ ಗಾಳಿ ತೆಗೆದ ಸೀಸೆ. ಸೀಸೆ ನೀರನ್ನು ಎಳೆದುಕೊಳ್ಳುತ್ತೆ, ಚರ್ಮ ಎದೆಗೆ ಅಂಟಿಕೊಳ್ಳುತ್ತೆ. ಇವತ್ತು ದಾವಣಗೆರೆಯಿಂದ ಹರಿಹರದ ಬಸ್ಸಿನಲ್ಲಿ ಸೆರಗಿನ ಮರೆಯಲ್ಲಿ ಡಬ್ಬಿ ಹಿಡಿದು ಕೂತಿರುವ ಹೆಂಗಸನ್ನು ಕಂಡರೆ, ಅದು ರೆಡೋನನ ಸೀಸೆಯ ಮೊಮ್ಮಗು ಅಂದುಕೊಳ್ಳಿ.

ಇದರ ನಡುವೆ ಗಾಯವೇ ಚಿಕ್ಕದಾಗುತ್ತಾ ಬಂತು. 1948ರಲ್ಲಿ ಲಂಡನ್ನಿನ ಪೇಟೀ ಎದೆಯ ದೊಡ್ಡ ಸ್ನಾಯು ಉಳಿಸುವ ವಿಧಾನ ತೋರಿಸಿದ. ಅಮೆರಿಕದ ಬರ್ನಾರ್ಡ್ ಫಿಶರ್ 1971ರಿಂದ ಸಾವಿರಾರು ಹೆಂಗಸರ ಮೇಲೆ ಪರೀಕ್ಷೆ ನಡೆಸಿ, ಹೆಚ್ಚು ಕತ್ತರಿಸಿದರೆ ಹೆಚ್ಚು ಬದುಕುತ್ತಾರೆ ಅನ್ನುವುದು ಸುಳ್ಳು ಅಂತ 1985ರ ಹೊತ್ತಿಗೆ ಸಾಬೀತು ಮಾಡಿದ. ಮೇಲ್ಪಟ್ಟಿಯ ತಿಳಿವಳಿಕೆಯೂ ತಲೆಕೆಳಗಾಯಿತು. ಗಾಯ ಒಣಗಿದಷ್ಟೂ ಒಳ್ಳೆಯದು ಅಂತ ನಾವೆಲ್ಲ ನಂಬಿದ್ದೆವಲ್ಲ? 1962ರಲ್ಲಿ ಜಾರ್ಜ್ ವಿಂಟರ್ ಹಂದಿಮರಿಗಳ ಗಾಯದ ಮೇಲೆ ಪಾಲಿಥೀನ್ ಹಾಳೆ ಮುಚ್ಚಿ ನೋಡಿದ. ಹದವಾಗಿ ತೇವ ಇದ್ದ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬಿತು. ಒಣ ಹತ್ತಿಬಟ್ಟೆ ಗಾಯಕ್ಕೆ ಅಂಟಿ, ಕೀಳುವಾಗ ಹೊಸ ಚರ್ಮವನ್ನೂ ಕಿತ್ತುಕೊಂಡು ಬರುತ್ತೆ. ಪಟ್ಟಿ ಬಿಚ್ಚಿಸಿಕೊಂಡವರಿಗೆ ಅದರ ನೋವು ಗೊತ್ತು. ಹಾಗಾಗಿ ಈಗಿನ ಎಷ್ಟೋ ಪಟ್ಟಿಗಳಲ್ಲಿ ನೇಯದೆ ಒತ್ತಿ ಮಾಡಿದ ಬಟ್ಟೆ ಇರುತ್ತೆ, ಅದರಲ್ಲಿ ಬಹಳಷ್ಟು ವಿಸ್ಕೋಸ್ ನಾರಿನದು. ಆ ನಾರಿನ ತಿರುಳು ಮರದ್ದು. ಹರಿಹರದ ಸೇತುವೆ ದಾಟಿ ಕುಮಾರಪಟ್ಟಣಂನ ಕಾರ್ಖಾನೆಯಲ್ಲಿ ನೀಲಗಿರಿ ಮರದಿಂದ ತಯಾರಾಗುವುದು ಇದೇ ಜಾತಿಯ ತಿರುಳು, ಇದೇ ಜಾತಿಯ ನಾರು. ದಾವಣಗೆರೆಯ ಹತ್ತಿ ಹೋಗಿ ಹರಿಹರದ ನಾರು ಬಂತು ಅನ್ನಬಹುದೇನೋ!

ನಮ್ಮ ಊರಿಗೆ ಇದೆಲ್ಲ ತಡವಾಗಿ ತಲುಪಿತು. ಜೆ.ಜೆ.ಎಂ. ಮೆಡಿಕಲ್ ಕಾಲೇಜು ಶುರುವಾದದ್ದು 1965ರಲ್ಲಿ. ಬೆಂಗಳೂರಿನ ಕಿದ್ವಾಯಿ 1973ರಲ್ಲಿ. ಅದಕ್ಕೂ ಮೊದಲು ಕ್ಯಾನ್ಸರ್ ಅಂದರೆ ಅನುಕೂಲ ಇದ್ದವರು 1941ರಲ್ಲಿ ತೆರೆದ ಬಾಂಬೆಯ ಟಾಟಾ ಆಸ್ಪತ್ರೆಯ ದಾರಿ ಹಿಡಿಯಬೇಕಿತ್ತು. ಈಗ ಬಾಪೂಜಿ, ಸಿ.ಜಿ. ಆಸ್ಪತ್ರೆ ಎಲ್ಲ ಇವೆ. ಆದರೂ ಆಪರೇಷನ್ ಆದ ಕೆಲವೇ ದಿನಕ್ಕೆ ಮನೆಗೆ ಕಳಿಸುತ್ತಾರೆ. ಅಲ್ಲಿಂದ ಗಾಯ ಮನೆಯವರ ಕೈಗೆ. ಡಬ್ಬಿಯ ನೀರು ದಿನಾ ಅಳೆದು ಬರೆದಿಡಬೇಕು. ದಿನಕ್ಕೆ 30 ಮಿಲಿಲೀಟರಿಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ಪೈಪು ತೆಗೆಯುತ್ತಾರೆ. ಹಳೆ ಕುಪ್ಪಸದ ಕಣದಲ್ಲಿ ಒಂದು ಚೀಲ ಹೊಲಿದು ಡಬ್ಬಿಯನ್ನು ಕೊರಳಿಗೆ ತೂಗುಹಾಕಿಕೊಂಡರೆ ಪೈಪು ಜಗ್ಗುವುದಿಲ್ಲ. ಜ್ವರ ಬಂದರೆ, ಗಾಯ ಕೆಂಪಾಗಿ ಬಿಸಿಯಾದರೆ, ವಾಸನೆ ಬಂದರೆ, ಡಬ್ಬಿಯಲ್ಲಿ ಇದ್ದಕ್ಕಿದ್ದಂತೆ ಹಸಿ ರಕ್ತ ತುಂಬಿದರೆ ಅವತ್ತೇ ಆಸ್ಪತ್ರೆಗೆ. ಪೈಪು ತೆಗೆದ ಮೇಲೂ ಚರ್ಮದ ಕೆಳಗೆ ನೀರು ತುಂಬಿದರೆ ಡಾಕ್ಟರು ಸೂಜಿಯಿಂದ ಎಳೆಯುತ್ತಾರೆ, ಅದಕ್ಕೆ ಗಾಬರಿ ಬೇಡ. ಕೈಯನ್ನು ಅಲುಗಾಡಿಸದೆ ಇಡಬಾರದು, ಹೇಳಿಕೊಟ್ಟ ವ್ಯಾಯಾಮ ಮಾಡಿಸಬೇಕು.

ಮನೆಯಲ್ಲಿ ಜಗಳ ಆಗುವುದು ಎರಡು ವಿಷಯಕ್ಕೆ. ಒಂದು ಪಥ್ಯ. ಬದನೆಕಾಯಿ ನಂಜು, ಶೇಂಗಾ ನಂಜು, ಬೇಳೆ ನಂಜು, ಮೊಟ್ಟೆ ನಂಜು ಅಂತ ಎಲ್ಲ ಬಿಡಿಸಿ ಗಂಜಿ-ಉಪ್ಪಿನಕಾಯಿ ಕೊಡುತ್ತಾರೆ. ಹೊಸ ಮಾಂಸ ಬೆಳೆಯಬೇಕಾದ ಹೊತ್ತಿಗೆ ಪ್ರೋಟೀನೇ ಇಲ್ಲ! ಪದವನ್ನು ಹೊಗಳಿದ ನಾನೇ ಹೇಳುತ್ತೇನೆ, ನಂಜು ಇರುವುದು ಕೈ ತೊಳೆಯದೆ ಪಟ್ಟಿ ಬಿಚ್ಚುವುದರಲ್ಲಿ, ಗಾಯಕ್ಕೆ ಉದುರಿಸುವ ಅರಿಶಿನ-ಬೂದಿಯಲ್ಲಿ. ತಟ್ಟೆಯಲ್ಲಿರುವ ಬೇಳೆಯಲ್ಲಲ್ಲ. ಇನ್ನೊಂದು ಹರಕೆ. ಆಪರೇಷನ್ ಸುಸೂತ್ರವಾದರೆ ಹರಿಹರದ ಹೊಳೆಯಲ್ಲಿ ಮುಳುಗಿ ಹರಿಹರೇಶ್ವರನಿಗೆ ಕಾಯಿ ಒಡೆಸುತ್ತೇನೆ ಅಂತ ಹೊತ್ತುಕೊಂಡಿರುತ್ತಾರೆ. ಊರುಗಳ ಕೊಳೆ, ಕಾರ್ಖಾನೆ ನೀರು ಎರಡನ್ನೂ ಕಂಡಿರುವ ತುಂಗಭದ್ರೆ ಅದು. ಗಾಯ ಪೂರ್ತಿ ಮಾಯುವವರೆಗೆ ಬರೀ ಕಾಯಿ ಒಡೆಸಲಿ. ಮುಳುಗು ಆಮೇಲೆ ಹಾಕಿದರಾಯಿತು, ದೇವರೇನು ಬಡ್ಡಿ ಕೇಳುವುದಿಲ್ಲ.

ನಿಮ್ಮ ಕಡೆ ಆಪರೇಷನ್ ಆದವರಿಗೆ ಯಾವ್ಯಾವುದನ್ನು ನಂಜು ಅಂತ ಬಿಡಿಸುತ್ತಾರೆ? ಮಲೆನಾಡಿನವರು, ಕರಾವಳಿಯವರು, ಬೀದರ್-ಕಲಬುರಗಿ ಕಡೆಯವರು ಬರೆಯಿರಿ. ಒಂದು ಪಟ್ಟಿ ಮಾಡೋಣ ಅಂತಿದ್ದೇನೆ.