ಕರೆಂಟ್ ಹೋದರೆ ರಜೆ: ಮಗ್ಗದ ಮನೆಯ ಬಾಲ್ಯ ಮತ್ತು ಚರಿತ್ರೆ

ದೊಡ್ಡಬಳ್ಳಾಪುರದಲ್ಲಿ ಮೂವತ್ತು ದಾಟಿದ ಯಾರನ್ನಾದರೂ ಬಾಲ್ಯದ ಬಗ್ಗೆ ಕೇಳಿ ನೋಡಿ, ಮಾತು ಸದ್ದಿನಿಂದಲೇ ಶುರುವಾಗುತ್ತದೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮಗ್ಗಗಳ ಲಟಪಟ. ಆ ಸದ್ದಿನಲ್ಲೇ ಓದು, ಆ ಸದ್ದಿನಲ್ಲೇ ನಿದ್ದೆ. ಆಮೇಲೆ ಬಣ್ಣದ ನೂಲಿನ ಮಾತು, ಆಯುಧಪೂಜೆಯ ದಿನ ಮಗ್ಗಕ್ಕೆ ಕಟ್ಟಿದ ಬಾಳೆಕಂದು, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದದ್ದು. ಕೊನೆಗೆ ಒಂದು ನಿಟ್ಟುಸಿರು: ಈಗ ಬೀದಿಗಳೆಲ್ಲ ಸುಮ್ಮನಾಗಿಬಿಟ್ಟಿವೆ.

ಇಂಥ ಮಾತುಗಳನ್ನು ಚರಿತ್ರೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅನುಮಾನದಿಂದ ನೋಡುತ್ತೇವೆ. ಹಳೆಯ ಕಾಲವನ್ನು ಸಿಹಿಯಾಗಿಸುವುದು ನೆನಪಿನ ಗುಣ, ಅದನ್ನು ಪಕ್ಕಕ್ಕಿಟ್ಟು ದಾಖಲೆ ಹುಡುಕಬೇಕು ಎಂದು ನಮಗೆ ಕಲಿಸಲಾಗುತ್ತದೆ. ಆದರೆ ನೇಕಾರ ಮನೆಗಳ ಮಕ್ಕಳ ವಿಷಯದಲ್ಲಿ ದಾಖಲೆ ಎಂಬುದು ಬಹುಪಾಲು ಇಲ್ಲ. ಇರುವುದು ಈ ನಿಟ್ಟುಸಿರು ಮಾತ್ರ. ಅದನ್ನು ಹೇಗೆ ಓದಬೇಕು ಎಂಬುದು ಈ ಬರಹದ ಪ್ರಶ್ನೆ.

ಕಾರ್ಮಿಕರ ಬಾಲ್ಯವನ್ನು ಗಂಭೀರವಾಗಿ ಬರೆದವರಲ್ಲಿ ಉತ್ತರ ಇಂಗ್ಲೆಂಡಿನವರೂ ಇದ್ದಾರೆ. ಲೀಡ್ಸ್ ನಗರದ ಹನ್ಸ್ಲೆಟ್ ಎಂಬ ಕಾರ್ಮಿಕ ಬಡಾವಣೆಯಲ್ಲಿ ಬೆಳೆದ ರಿಚರ್ಡ್ ಹೊಗರ್ಟ್ 1957ರಲ್ಲಿ ‘ದಿ ಯೂಸಸ್ ಆಫ್ ಲಿಟರಸಿ’ ಪ್ರಕಟಿಸಿದರು. ಒಲೆಯ ಸುತ್ತಲಿನ ಮಾತು, ಅಕ್ಕಪಕ್ಕದ ಮನೆಗಳ ಸಲಿಗೆ, ತಾಯಂದಿರ ದುಡಿಮೆ ಎಲ್ಲವೂ ಅಲ್ಲಿವೆ. ಆ ಜಗತ್ತಿನ ಮೇಲಿನ ತಮ್ಮ ಮಮತೆ ಬರಹದ ದಿಕ್ಕು ತಪ್ಪಿಸಬಹುದೆಂಬ ಎಚ್ಚರ ಹೊಗರ್ಟ್‌ಗೇ ಇತ್ತು. 1971ರಲ್ಲಿ ರಾಬರ್ಟ್ ರಾಬರ್ಟ್ಸ್ ‘ದಿ ಕ್ಲಾಸಿಕ್ ಸ್ಲಮ್’ ಬರೆದಾಗ ಸ್ವರ ಇನ್ನಷ್ಟು ಕಟುವಾಯಿತು. ಸಾಲ್‌ಫರ್ಡ್‌ನ ಬಡ ಬೀದಿಯೊಂದರ ಮೂಲೆಯಂಗಡಿಯಲ್ಲಿ ಬೆಳೆದ ಅವರು, ಒಗ್ಗಟ್ಟಿನ ಬೀದಿ ಎಂದು ನಾವು ಕೊಂಡಾಡುವ ಜಾಗದೊಳಗೇ ಸಾಲ, ಅಂತಸ್ತು, ಅವಮಾನಗಳ ಮೆಟ್ಟಿಲುಗಳಿದ್ದವು ಎಂದು ತೋರಿಸಿದರು.

ಅಲ್ಲಿಗೂ ಇಲ್ಲಿಗೂ ಒಂದು ನೇರ ನಂಟಿದೆ, ಅದು ಯಂತ್ರದ್ದು. ಕೆನ್‌ವರ್ದಿ ಮತ್ತು ಬುಲ್ಲೋ ಎಂಬುವರು 1842ರಲ್ಲಿ ಬ್ಲ್ಯಾಕ್‌ಬರ್ನ್‌ನಲ್ಲಿ ರೂಪಿಸಿದ ಲ್ಯಾಂಕಶೈರ್ ಮಗ್ಗ ಮತ್ತು ನಮ್ಮೂರ ಹಳೆಯ ಪವರ್‌ಲೂಮ್ ಒಂದೇ ವಂಶದವು. ಅಕ್ಕಪಕ್ಕಕ್ಕೆ ಹಾರುವ ಲಾಳಿ, ಲಾಳಿಯ ಹೊಟ್ಟೆಯಲ್ಲಿ ಕಂಡಿಕೆ, ನೂಲು ಮುಗಿದರೆ ನಿಲ್ಲುವ ಮಗ್ಗ. ಆ ಗದ್ದಲದಲ್ಲಿ ಮಾತು ಕೇಳದೆ ಲ್ಯಾಂಕಶೈರಿನ ಹೆಂಗಸರು ತುಟಿಗಳ ಚಲನೆಯಲ್ಲೇ ಮಾತಾಡುವುದನ್ನು ಕಲಿತರು. ಅದಕ್ಕೆ ‘ಮೀ-ಮಾ’ ಎಂಬ ಹೆಸರೇ ಇತ್ತು. ನಮ್ಮ ಮನೆಗಳಲ್ಲಿ ಅದಕ್ಕೆ ಹೆಸರಿರಲಿಲ್ಲ. ಆದರೆ ಅಮ್ಮ ಮಗ್ಗದ ಆಚೆಯಿಂದ ತುಟಿಯಾಡಿಸಿದರೆ ನೀರು ಬೇಕೋ ನೂಲು ಬೇಕೋ ಎಂದು ನಮಗೆ ತಿಳಿಯುತ್ತಿತ್ತು.

ದೊಡ್ಡ ವ್ಯತ್ಯಾಸ ಇರುವುದು ಯಂತ್ರ ನಿಂತ ಜಾಗದಲ್ಲಿ. ಲ್ಯಾಂಕಶೈರಿನ ಮಗ್ಗ ಗಿರಣಿಯಲ್ಲಿತ್ತು, ದೊಡ್ಡಬಳ್ಳಾಪುರದ ಮಗ್ಗ ಮನೆಯೊಳಗೆ ಬಂತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಹರಿಯಿತು. ಬೆಂಗಳೂರಿನಲ್ಲಿ ಬಿನ್ನಿ ಮಿಲ್, ಮಿನರ್ವ ಮಿಲ್, ರಾಜಾ ಮಿಲ್‌ಗಳು ಸೈರನ್ ಕೂಗಿ ಜನರನ್ನು ಕರೆದುಕೊಂಡವು. ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ನಮ್ಮೂರಿನಲ್ಲಿ ಸೈರನ್ ಬೇಕಾಗಲಿಲ್ಲ. ಕೈಮಗ್ಗದ ಗುಂಡಿಗಳಿದ್ದ ಮನೆಗಳಿಗೇ ಮೋಟಾರು ಬಂತು. ನಡುಮನೆಯಲ್ಲಿ ಎರಡೋ ನಾಲ್ಕೋ ಮಗ್ಗ, ಅದರ ಪಕ್ಕ ಅಡುಗೆಮನೆ, ಉಳಿದ ಜಾಗದಲ್ಲಿ ಹಾಸಿಗೆ. ದೇವಾಂಗರು, ಪದ್ಮಶಾಲಿಗಳು, ತೊಗಟರು ಹೀಗೆ ಹಲವು ಸಮುದಾಯಗಳವರು ಈ ಕಸುಬಿನಲ್ಲಿದ್ದರು. ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ನೇಯ್ದ ಸೀರೆ ಬೆಂಗಳೂರಿನ ಚಿಕ್ಕಪೇಟೆಯ ವ್ಯಾಪಾರಿಗಳ ಕೈಸೇರುತ್ತಿತ್ತು.

ಇಂಥ ಮನೆಯಲ್ಲಿ ಮಕ್ಕಳ ಕೆಲಸ ಕಂಡಿಕೆ ಸುತ್ತುವುದು. ಲಡಿಯ ನೂಲನ್ನು ರಾಟೆಯಿಂದಲೋ ಪುಟ್ಟ ಮೋಟಾರಿನಿಂದಲೋ ಬೆರಳುದ್ದದ ಕಂಡಿಕೆಗೆ ಸುತ್ತಬೇಕು. ಲಾಳಿ ನಿಮಿಷಕ್ಕೆ ನೂರರ ಆಸುಪಾಸು ಸಲ ಓಡಾಡುವ ಮಗ್ಗಕ್ಕೆ ಒಂದು ಕಂಡಿಕೆ ಹೆಚ್ಚು ಹೊತ್ತು ಬಾಳುವುದಿಲ್ಲ. ಕಂಡಿಕೆ ಮುಗಿದರೆ ಮಗ್ಗ ನಿಂತಿತು. ಕೂಲಿ ಸೀರೆಯ ಲೆಕ್ಕದಲ್ಲಿ ಸಿಗುವುದರಿಂದ ಮಗ್ಗ ನಿಂತರೆ ಕೂಲಿಯೂ ನಿಂತಿತು. ಹೀಗಾಗಿ ಬುಟ್ಟಿಯಲ್ಲಿ ಕಂಡಿಕೆ ತುಂಬಿಯೇ ಇರಬೇಕು. ಸ್ಕೂಲಿಗೆ ಹೋಗುವ ಮುಂಚೆ ಒಂದಿಷ್ಟು, ಬಂದಮೇಲೆ ಒಂದಿಷ್ಟು. ಹೊಸ ಹಾಸು ಏರಿಸುವಾಗ ಹಳೆಯ ಎಳೆಗೆ ಹೊಸ ಎಳೆ ಕೂಡಿಸುವ ‘ಅಚ್ಚು ಕೆಚ್ಚುವ’ ಕೆಲಸಕ್ಕೂ ಎಳೆ ಬೆರಳುಗಳು ಚುರುಕು. ಇದನ್ನು ಯಾರೂ ಕೆಲಸ ಎನ್ನುತ್ತಿರಲಿಲ್ಲ. ‘ಅಮ್ಮನಿಗೆ ಸ್ವಲ್ಪ ಕೈಜೋಡಿಸು’ ಎನ್ನುತ್ತಿದ್ದರು, ಅಷ್ಟೇ.

ಕಾನೂನಿನ ಭಾಷೆಯೂ ಹೆಚ್ಚು ಕಡಿಮೆ ಅದೇ ಆಗಿತ್ತು. 1948ರ ಕಾರ್ಖಾನೆಗಳ ಕಾಯ್ದೆ ಹದಿನಾಲ್ಕು ವರ್ಷದೊಳಗಿನವರನ್ನು ಕಾರ್ಖಾನೆಯಲ್ಲಿ ದುಡಿಸಬಾರದು ಎಂದಿತು. ಆದರೆ ವಿದ್ಯುತ್ ಬಳಸುವ ಕಡೆ ಹತ್ತು ಜನ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ. ನಾಲ್ಕು ಮಗ್ಗದ ಮನೆ ಆ ಲೆಕ್ಕಕ್ಕೆ ಬರಲೇ ಇಲ್ಲ. 1986ರ ಬಾಲಕಾರ್ಮಿಕ ಕಾಯ್ದೆ ಅಪಾಯಕಾರಿ ಕೆಲಸಗಳ ಪಟ್ಟಿ ಮಾಡಿತು, ಜೊತೆಗೇ ಕುಟುಂಬದವರ ನೆರವಿನಿಂದ ನಡೆಯುವ ಕಾರ್ಯಾಗಾರಕ್ಕೆ ವಿನಾಯಿತಿ ಕೊಟ್ಟಿತು. 2016ರ ತಿದ್ದುಪಡಿ ಹದಿನಾಲ್ಕರೊಳಗಿನ ಎಲ್ಲ ದುಡಿಮೆಯನ್ನೂ ನಿಷೇಧಿಸಿತು. ಆಗಲೂ ಶಾಲೆಯ ಸಮಯ ಬಿಟ್ಟು, ರಜೆಗಳಲ್ಲಿ, ಅಪಾಯವಿಲ್ಲದ ಕುಟುಂಬದ ಕಸುಬಿಗೆ ಮಕ್ಕಳು ನೆರವಾಗಬಹುದು ಎಂಬ ಬಾಗಿಲನ್ನು ತೆರೆದೇ ಇಟ್ಟಿತು. ಈ ಕಾಯ್ದೆಗಳ ಕಣ್ಣಿನಲ್ಲಿ ಮನೆಯ ಮಗು ಕೆಲಸಗಾರನಲ್ಲ, ನೆರವಿನವನು. ಕೆಲಸಗಾರನಲ್ಲದವನು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ, ಕೂಲಿಪಟ್ಟಿಯಲ್ಲೂ ಇರುವುದಿಲ್ಲ. ನಾಳೆ ಯಾರಾದರೂ ಈ ಊರಿನ ಚರಿತ್ರೆ ಬರೆದರೆ ಮಗ್ಗಗಳ ಸಂಖ್ಯೆ ಸಿಕ್ಕೀತು, ಮೀಟರಿನ ಯೂನಿಟ್ಟು ಸಿಕ್ಕೀತು. ಕಂಡಿಕೆ ಸುತ್ತಿದವರು ಸಿಗುವುದಿಲ್ಲ.

ನೆನಪಿನ ಬೆಲೆ ಇಲ್ಲಿಯೇ. ನಮ್ಮೂರ ಬಾಲ್ಯದ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸುಖದ ಪ್ರಸಂಗವಿದೆ: ಕರೆಂಟ್ ಹೋಗುವುದು. ನನಗೂ ಅದು ಚೆನ್ನಾಗಿ ನೆನಪಿದೆ. ಲೋಡ್‌ಶೆಡ್ಡಿಂಗ್ ಸಮಯಕ್ಕೆ ಇಡೀ ಬೀದಿಯ ಸದ್ದು ಒಂದೇ ಉಸಿರಿಗೆ ನಿಲ್ಲುತ್ತಿತ್ತು. ಕಿವಿಯೊಳಗೆ ಗುಂಯ್ ಎನ್ನುವ ನಿಶ್ಶಬ್ದ. ಮರುಕ್ಷಣ ಮನೆಮನೆಯಿಂದ ಮಕ್ಕಳು ಹೊರಗೆ. ಗೋಲಿ, ಲಗೋರಿ, ಕುಂಟೆಬಿಲ್ಲೆ. ಹೆಂಗಸರು ಜಗಲಿಯ ಮೇಲೆ ಕೂತು ಕೂಗದೆ ಮಾತಾಡುತ್ತಿದ್ದುದು ಆಗ ಮಾತ್ರ. ಲೈಟು ಹತ್ತಿಕೊಂಡರೆ ನಾವೆಲ್ಲ ‘ಅಯ್ಯೋ’ ಎನ್ನುತ್ತಿದ್ದೆವು.

ಈ ನೆನಪನ್ನು ಸ್ವಲ್ಪ ತಿರುಗಿಸಿ ನೋಡಿದರೆ ಒಂದು ದಾಖಲೆ ಕಾಣುತ್ತದೆ. ಕರೆಂಟ್ ಹೋದಾಗ ಆಟ ಎಂದರೆ ಕರೆಂಟ್ ಇದ್ದಾಗ ದುಡಿಮೆ ಎಂದರ್ಥ. ರಜೆ ಎಂಬ ಪದ ನಮ್ಮ ಬಾಯಿಗೆ ತಾನಾಗಿ ಬಂದದ್ದೇ ಸಾಕ್ಷಿ. ಕೆಲಸದಲ್ಲಿ ಇಲ್ಲದವರಿಗೆ ರಜೆ ಹೇಗೆ? ಜಗಲಿಯಲ್ಲೇ ಕೂತಿದ್ದ ಅಪ್ಪನಿಗೆ ಅದು ರಜೆಯಾಗಿರಲಿಲ್ಲ. ಹೋದ ಎರಡು ಗಂಟೆಯನ್ನು ರಾತ್ರಿ ನಿದ್ದೆಯಿಂದ ಕಳೆದು ಕೊಡಬೇಕಿತ್ತು. ಸೀರೆ ಇಳಿಯದಿದ್ದರೆ ವಾರದ ಬಟವಾಡೆ ಕಡಿಮೆ. ಮೊದಲೇ ಪಡೆದ ಮುಂಗಡ ತೀರದಿದ್ದರೆ ಆ ಮಗ್ಗ ಬಿಟ್ಟು ಬೇರೆ ಕಡೆ ಹೋಗುವಂತೆಯೂ ಇರಲಿಲ್ಲ. ಒಂದೇ ಕತ್ತಲೆಯನ್ನು ಮಗು ಸುಖವಾಗಿಯೂ ಅಪ್ಪ ಸಾಲವಾಗಿಯೂ ನೆನಪಿಟ್ಟುಕೊಂಡಿದ್ದಾರೆ. ಎರಡೂ ನಿಜವೇ.

ಇನ್ನೊಂದು ಸಂಗತಿ. ಮಗ್ಗದ ಬಾಲ್ಯವನ್ನು ಬಾಯ್ತುಂಬ ಹೇಳುವವರಲ್ಲಿ ಗಂಡಸರೇ ಹೆಚ್ಚು. ನಾನು ಮಾತಾಡಿಸಿದ ನಡುವಯಸ್ಸಿನ ಹೆಂಗಸರು ಲಗೋರಿಯ ವಿಷಯಕ್ಕೆ ನಕ್ಕು ಸುಮ್ಮನಾಗುತ್ತಾರೆ. ಕರೆಂಟ್ ಹೋದಾಗ ಅವರ ಪಾಲಿಗೆ ನೀರು ತರುವುದು, ಪಾತ್ರೆ ತೊಳೆಯುವುದು ಬಾಕಿ ಇರುತ್ತಿತ್ತು. ಅಣ್ಣತಮ್ಮಂದಿರು ಹೈಸ್ಕೂಲಿಗೆ ಹೋದಾಗ ಕಂಡಿಕೆಯ ಬುಟ್ಟಿ ಪೂರ್ತಿ ಅವರ ಕಡೆಗೆ ಸರಿದದ್ದನ್ನು ಅವರು ದೂರಿನ ದನಿಯಿಲ್ಲದೆ, ಇಸವಿ ಹೇಳಿದಂತೆ ಹೇಳುತ್ತಾರೆ. ಯಾರಿಗೆ ಬಾಲ್ಯ ಸಿಹಿ ಎಂಬುದರಲ್ಲೇ ಮನೆಯೊಳಗಿನ ಪಾಲು ಎಷ್ಟೆಷ್ಟಿತ್ತು ಎಂಬ ಲೆಕ್ಕ ಸಿಗುತ್ತದೆ.

ಹಾಗೆಂದು ತಂದೆತಾಯಿಯರನ್ನು ಕಟಕಟೆಯಲ್ಲಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಲ್ಯಾಂಕಶೈರಿನಲ್ಲಿ ಮಕ್ಕಳು ಅರ್ಧ ದಿನ ಗಿರಣಿಗೆ, ಅರ್ಧ ದಿನ ಶಾಲೆಗೆ ಹೋಗುವ ಪದ್ಧತಿಯಿತ್ತು. ಅದಕ್ಕಿದ್ದ ಕನಿಷ್ಠ ವಯಸ್ಸನ್ನು ಏರಿಸುವ ಬಗ್ಗೆ 1909ರಲ್ಲಿ ಹತ್ತಿ ಗಿರಣಿ ಕಾರ್ಮಿಕರ ಸಂಘಗಳು ಮತ ಕೇಳಿದಾಗ ಬಹುಮತ ಬಂದದ್ದು ಬೇಡ ಎಂಬುದಕ್ಕೆ. ಮಗುವಿನ ಪುಡಿಗಾಸು ಬಿಟ್ಟರೆ ಮನೆ ನಡೆಯುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಕೊನೆಗೆ 1918ರ ಶಿಕ್ಷಣ ಕಾಯ್ದೆ ಆ ಪದ್ಧತಿಯನ್ನು ಮುಗಿಸಿತು. ಅಲ್ಲಿ ಅರ್ಧ ದಿನದ ಮಗುವಿಗೆ ಕಾನೂನಿನಲ್ಲಿ ಒಂದು ಹೆಸರಾದರೂ ಇತ್ತು, ಹಾಗಾಗಿ ಅದನ್ನು ನಿಲ್ಲಿಸಲೂ ಸಾಧ್ಯವಾಯಿತು. ನಮ್ಮಲ್ಲಿ ನೇಯ್ಗೆಯ ಕೂಲಿ ಎರಡು ಕೈಗೆ ಸಾಕಾಗುವಷ್ಟಿಲ್ಲದ್ದರಿಂದಲೇ ಆರು ಕೈ ಬೇಕಾದವು. ಮಕ್ಕಳ ಬೆರಳು ಸೀರೆಯ ಬೆಲೆಯನ್ನು ಅಗ್ಗವಾಗಿ ಇಟ್ಟಿತು. ಆ ಲಾಭ ನಮ್ಮ ನಡುಮನೆಯಲ್ಲಿ ಉಳಿಯಲಿಲ್ಲ.

ಈಗ ಸೂರತ್ತಿನ ಸೀರೆಗಳ ಎದುರು ನಮ್ಮೂರ ಮಗ್ಗ ಸೋಲುತ್ತಿದೆ. 2020ರ ಲಾಕ್‌ಡೌನ್‌ನಲ್ಲಿ ನಿಂತ ಎಷ್ಟೋ ಮಗ್ಗಗಳು ಮತ್ತೆ ತಿರುಗಲಿಲ್ಲ, ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ಅಪೆರೆಲ್ ಪಾರ್ಕಿನ ಗಾರ್ಮೆಂಟ್ಸ್ ಬಸ್ಸುಗಳು ಬೆಳಿಗ್ಗೆ ಹೆಂಗಸರನ್ನು ಕರೆದೊಯ್ಯುತ್ತವೆ. ಮಕ್ಕಳ ಕೈಯಿಂದ ಕಂಡಿಕೆ ಜಾರಿದ್ದು ಒಳ್ಳೆಯದೇ ಆಯಿತು. ಬೀದಿ ಮೌನವಾದದ್ದಕ್ಕೆ ಸಂಕಟಪಡುವವರಲ್ಲಿ ನಾನೂ ಒಬ್ಬ. ಈ ಎರಡನ್ನೂ ಒಟ್ಟಿಗೆ ಹೇಳದೆ ನಮ್ಮೂರಿನ ಚರಿತ್ರೆ ಪೂರ್ತಿಯಾಗದು.

ಅದನ್ನು ಬರೆಯಲು ಹೆಚ್ಚು ಸಮಯವಿಲ್ಲ. ಮಗ್ಗ ಗುಜರಿಗೆ ಹೋದ ಮನೆಯ ಅಜ್ಜಿ ಇನ್ನೂ ಜಗಲಿಯಲ್ಲಿ ಕೂತಿರುತ್ತಾರೆ. ಓದುತ್ತಿರುವ ಹುಡುಗ ಹುಡುಗಿಯರು ಫೋನಿನ ರೆಕಾರ್ಡರ್ ಹಿಡಿದು ಅವರ ಬಳಿ ಹೋಗಬೇಕು. ಹಳೆಯ ಕಾಲ ಹೇಗಿತ್ತು ಎಂದು ಕೇಳಬೇಡಿ, ಚೆನ್ನಾಗಿತ್ತು ಎಂದೇ ಹೇಳುತ್ತಾರೆ. ಸ್ಕೂಲಿಗೆ ಹೊರಡುವ ಮುಂಚೆ ಎಷ್ಟು ಕಂಡಿಕೆ ಸುತ್ತುತ್ತಿದ್ದಿರಿ, ಕರೆಂಟ್ ಹೋದಾಗ ಏನು ಮಾಡುತ್ತಿದ್ದಿರಿ, ಎಷ್ಟನೇ ಕ್ಲಾಸಿಗೆ ಸ್ಕೂಲು ಬಿಟ್ಟಿರಿ, ಮನೆಯಲ್ಲಿ ಯಾರು ಬಿಡಲಿಲ್ಲ ಎಂದು ಕೇಳಿ.