ತಲಕಾಡಿನಿಂದ ಹೊರಟ ನಕಲುಗಳು

ತಲಕಾಡಿನಲ್ಲಿ ಫೋಟೋ ತೆಗೆಯುವವರಿಗೆ ಮರಳೇ ಮೊದಲ ಶತ್ರು. ಕಾವೇರಿ ಕಡೆಯಿಂದ ಗಾಳಿ ಬೀಸುವ ಹೊತ್ತಿನಲ್ಲಿ ಕ್ಯಾಮೆರಾದ ಪುಟ್ಟ ಬಾಗಿಲು ತೆಗೆದು ಮೆಮೊರಿ ಕಾರ್ಡ್ ಬದಲಿಸಹೊರಟರೆ ಒಂದೆರಡು ಕಣವಾದರೂ ಒಳಗೆ ಸೇರುತ್ತವೆ. ಆಮೇಲೆ ಕಾರ್ಡ್ ಓದಲಿಲ್ಲ, ಪಿನ್ನು ಬಾಗಿತು ಎಂಬ ರಗಳೆ. ಹಾಗಾಗಿ ಕಾರ್ಡನ್ನು ಹೊರತೆಗೆಯದೆಯೇ ಚಿತ್ರಗಳನ್ನು ಹೊರಗೆ ಕಳಿಸುವ ಉಪಾಯವೊಂದು ಬಂದಾಗ ಇಂಥ ಊರುಗಳಲ್ಲಿ ಕೆಲಸ ಮಾಡುವವರಿಗೆ ಅದರ ಬೆಲೆ ಬೇಗ ತಿಳಿಯುತ್ತದೆ. 2007ರಲ್ಲಿ ಅಮೆರಿಕದ ಐ-ಫೈ ಎಂಬ ಕಂಪನಿ 2 ಜಿಬಿಯ ಕಾರ್ಡೊಂದನ್ನು ಮಾರುಕಟ್ಟೆಗೆ ತಂದಿತು. ನೋಡಲು ಎಲ್ಲ ಎಸ್‌ಡಿ ಕಾರ್ಡಿನಂತೆಯೇ, ಅಂಚೆಚೀಟಿಯಷ್ಟು. ಆದರೆ ಅದರ ಹೊಟ್ಟೆಯೊಳಗೆ ವೈ-ಫೈ ರೇಡಿಯೋ ಇತ್ತು. 2012ರ ಹೊತ್ತಿಗೆ ತೊಷಿಬಾ ಕಂಪನಿಯ ಫ್ಲ್ಯಾಶ್‌ಏರ್ ಕೂಡ ಬಂತು. ಅದು ತಾನೇ ಒಂದು ಪುಟ್ಟ ವೈ-ಫೈ ಕೇಂದ್ರವಾಗುತ್ತಿತ್ತು. ಪಕ್ಕದಲ್ಲಿದ್ದವರು ಮೊಬೈಲಿನಲ್ಲಿ ಅದಕ್ಕೆ ಸೇರಿಕೊಂಡು ಆಗಷ್ಟೇ ತೆಗೆದ ಚಿತ್ರವನ್ನು ನೋಡಬಹುದಿತ್ತು.

ಇದನ್ನು ಬರೀ ಸಲಕರಣೆಯ ಸುದ್ದಿಯೆಂದು ಓದಿದರೆ ಅಷ್ಟಕ್ಕೇ ಮುಗಿಯುತ್ತದೆ. ಆದರೆ ತಲಕಾಡಿನ ಚರಿತ್ರೆ ನಮ್ಮ ಕೈಗೆ ಬಂದಿರುವುದೇ ಹೀಗೆ, ಸ್ಥಳದಿಂದ ಹೊರಗೆ ಸಾಗಿದ ನಕಲುಗಳ ಮೂಲಕ. ಗಂಗರ ರಾಜಧಾನಿ, 1004ರ ಸುಮಾರಿಗೆ ಚೋಳರ ವಶವಾಗಿ ರಾಜರಾಜಪುರ ಎನಿಸಿಕೊಂಡ ಊರು, ಅದನ್ನು ಮರಳಿ ಗೆದ್ದ ಹೊಯ್ಸಳ ವಿಷ್ಣುವರ್ಧನ ‘ತಲಕಾಡುಗೊಂಡ’ ಎಂದು ಕರೆಸಿಕೊಂಡು 1117ರಲ್ಲಿ ಕೀರ್ತಿನಾರಾಯಣನನ್ನು ನಿಲ್ಲಿಸಿದ ಊರು. ಇಷ್ಟನ್ನೂ ನಾವು ಕಲ್ಲಿನ ಮುಂದೆ ನಿಂತು ಓದಿದ್ದಲ್ಲ. ಯಾರೋ ಕಲ್ಲಿನಿಂದ ಕಾಗದಕ್ಕೆ ಇಳಿಸಿ, ಆ ಕಾಗದ ಬೇರೊಂದು ಊರಿನ ಮೇಜಿಗೆ ತಲುಪಿ, ಅಲ್ಲಿ ಇನ್ನೊಬ್ಬರು ಓದಿದ್ದು.

ಆ ಸಾಗಾಟ ಎಷ್ಟು ನಿಧಾನವಾಗಿತ್ತು ಎಂಬುದಕ್ಕೆ ಮೈಸೂರು ಸಂಸ್ಥಾನದ್ದೇ ಒಂದು ಉದಾಹರಣೆ ಇದೆ. ಬೌರಿಂಗ್ ಕಮಿಷನರ್ ಆಗಿದ್ದ ಕಾಲದಲ್ಲಿ, 1865ರಲ್ಲಿ, ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಚಿತ್ರದುರ್ಗ, ಬಳ್ಳಿಗಾವಿ, ಹರಿಹರ ಮುಂತಾದ ಕಡೆಯ ಸುಮಾರು 150 ಶಾಸನಗಳ ಫೋಟೋ ತೆಗೆದ. ಆ ಚಿತ್ರಗಳು ಓದುವವರ ಕೈ ಸೇರಿ, ಬಿ.ಎಲ್. ರೈಸ್ ಅವರ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಪುಸ್ತಕವಾಗಿ ಹೊರಬಂದದ್ದು 1879ರಲ್ಲಿ. ಹದಿನಾಲ್ಕು ವರ್ಷ! ಚಿತ್ರದಲ್ಲಿ ಮೂರನೆಯ ಸಾಲು ನೆರಳಿಗೆ ಬಿದ್ದಿದ್ದರೆ, ‘ಅದೊಂದನ್ನು ಇನ್ನೊಮ್ಮೆ ತೆಗೆಯಿರಿ’ ಎಂದು ಹೇಳಲು ಆ ಹೊತ್ತಿಗೆ ಫೋಟೋ ತೆಗೆದವನು ಎಲ್ಲಿದ್ದಾನೆಂದು ಹುಡುಕಬೇಕಿತ್ತು.

ರೈಸ್ ಬೆಂಗಳೂರಿನಲ್ಲೇ ಹುಟ್ಟಿದವರು. ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಅಚ್ಚು ಹಾಕಿಸಿದವರು. ತಿರುಮಕೂಡಲು ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳು 1894ರ ಮೂರನೆಯ ಸಂಪುಟದಲ್ಲಿವೆ. ಅಲ್ಲಿ ರೈಸ್ ಮಾಡಿದ ಒಂದು ಕೆಲಸ ಚಿಕ್ಕದಾಗಿ ಕಂಡರೂ ನನ್ನ ಲೆಕ್ಕದಲ್ಲಿ ದೊಡ್ಡದು: ಪ್ರತಿ ಶಾಸನಕ್ಕೂ ತಾಲ್ಲೂಕಿನ ಮೊದಲಕ್ಷರ ಮತ್ತು ಒಂದು ಸಂಖ್ಯೆ. ಟಿಎನ್ ಎಂದರೆ ತಿರುಮಕೂಡಲು ನರಸೀಪುರ, ಎನ್‌ಜೆ ಎಂದರೆ ನಂಜನಗೂಡು. ಇಂದಿಗೂ ಸಂಶೋಧಕರು ಆ ಸಂಖ್ಯೆ ಹೇಳಿದರೆ ಕಲ್ಲು ಯಾವ ಕಡೆಯದೆಂದು ಇನ್ನೊಬ್ಬರಿಗೆ ತಿಳಿಯುತ್ತದೆ. ನಮ್ಮ ಕ್ಯಾಮೆರಾ ತಾನಾಗಿ ಕೊಡುವ ಡಿಎಸ್‌ಸಿ 0417 ಎಂಬ ಹೆಸರಿನಿಂದ ಏನು ತಿಳಿಯುತ್ತದೆ? ಚಿತ್ರ ಕ್ಷಣಾರ್ಧದಲ್ಲಿ ಮೈಸೂರು ತಲುಪಬಹುದು. ಅದು ಯಾವ ಗುಡಿಯ ಯಾವ ಗೋಡೆಯದು ಎಂಬುದು ಜೊತೆಗೆ ಹೋಗದಿದ್ದರೆ ತಲುಪಿಯೂ ತಲುಪಿದಂತಲ್ಲ.

ರೈಸ್ ಕಾಲದಿಂದ ಇಂದಿನವರೆಗೂ ಶಾಸನದ ಕೆಲಸದಲ್ಲಿ ನಡೆದುಬಂದಿರುವ ಮುಖ್ಯ ನಕಲು ಫೋಟೋ ಅಲ್ಲ, ಪಡಿಯಚ್ಚು. ಕಲ್ಲನ್ನು ನೀರು ಹಾಕಿ ಉಜ್ಜಿ ಪಾಚಿ, ಎಣ್ಣೆಜಿಡ್ಡು ತೆಗೆಯುತ್ತಾರೆ. ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ ಒರಟು ಬ್ರಷ್ಷಿನಿಂದ ಬಡಿಯುತ್ತಾರೆ, ಅಕ್ಷರದ ಗುಳಿಯೊಳಗೆ ಕಾಗದ ಇಳಿಯಬೇಕು. ಅರೆ ಒಣಗಿದಾಗ ಮಸಿ ಅದ್ದಿದ ಬಟ್ಟೆಯ ಉಂಡೆಯಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಮೇಲ್ಮೈ ಕಪ್ಪಾಗಿ, ಗುಳಿಯ ಅಕ್ಷರ ಬಿಳಿಯಾಗಿ ನಿಲ್ಲುತ್ತದೆ. ಅಳತೆ ಕಲ್ಲಿನಷ್ಟೇ, ಓದು ನೇರ. ಎಲ್ಲಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ. ಅಚ್ಚು ಸರಿಯಾಗಿ ಬಂತೋ ಇಲ್ಲವೋ ಎಂಬುದು ಅಲ್ಲೇ, ಕಲ್ಲಿನ ಮುಂದೆಯೇ ತಿಳಿಯುತ್ತದೆ. ಒಂದು ಸಾಲು ಮಸುಕಾದರೆ ಇನ್ನೊಂದು ಕಾಗದ ನೆನೆಸಿದರಾಯಿತು.

ಫೋಟೋಗ್ರಫಿಗೂ ಮೊದಮೊದಲು ಈ ಗುಣವಿತ್ತು. ಡಿಕ್ಸನ್ ಕಾಲದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕಕ್ಕೆ ಬಳಿದ ದ್ರಾವಣ ಒಣಗುವ ಮೊದಲೇ ಚಿತ್ರ ತೆಗೆದು, ಪಕ್ಕದಲ್ಲೇ ಕಟ್ಟಿದ ಕತ್ತಲೆ ಡೇರೆಯಲ್ಲಿ ತೊಳೆದು ಮೂಡಿಸಬೇಕಿತ್ತು. ಡೇರೆ, ಬಾಟಲಿಗಳು, ಗಾಜು, ನೀರು ಎಲ್ಲವನ್ನೂ ಗಾಡಿಯಲ್ಲಿ ಹೇರಿಕೊಂಡು ಹೋಗುವ ಕಷ್ಟ. ಆದರೂ ಹೊರಡುವ ಮೊದಲು ಚಿತ್ರ ಕಣ್ಣಿಗೆ ಕಾಣುತ್ತಿತ್ತು. ಒಣ ಗಾಜಿನ ಫಲಕ ಬಂತು, ಆಮೇಲೆ ಫಿಲ್ಮು ಬಂತು, ಹೊರೆ ಇಳಿಯಿತು. ಅದರೊಂದಿಗೆ ಆ ಭರವಸೆಯೂ ಹೋಯಿತು. ಇಲ್ಲಿ ಕ್ಲಿಕ್ಕಿಸಿ ಊರಿಗೆ ಹೋಗಿ ತೊಳೆಸುವವರೆಗೆ ಏನು ಸಿಕ್ಕಿದೆಯೆಂದು ಯಾರಿಗೂ ಗೊತ್ತಿಲ್ಲ.

ರೈಸ್ ನಂತರ 1906ರಿಂದ 1922ರವರೆಗೆ ಮೈಸೂರು ಪುರಾತತ್ವ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರು ಕೆಲಸ ಮಾಡಿದ್ದು ಇಂಥ ಕಾಲದಲ್ಲೇ. ಅವರ ವಾರ್ಷಿಕ ವರದಿಗಳ ಚಿತ್ರಫಲಕಗಳನ್ನು, ಇದೇ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯದ ಮೇಲೆ 1917ರಲ್ಲಿ ಹೊರಟ ಪುಸ್ತಕವನ್ನು ಇಂದು ತಿರುವಿಹಾಕಿದರೆ ಅಚ್ಚರಿಯಾಗುತ್ತದೆ. ಸೋಮನಾಥಪುರದ ಗೋಡೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಚಿತ್ರ ಕೆಟ್ಟರೆ ಮುಂದಿನ ತಿಂಗಳು ಮತ್ತೆ ಬರಬಹುದು.

ತಲಕಾಡಿನ ನೆಲ ಹಾಗಲ್ಲ. ಇಲ್ಲಿ ಮರಳು ತೋಡಿದ್ದನ್ನು ಗಾಳಿ ಮತ್ತೆ ತುಂಬುತ್ತದೆ. ಪಾತಾಳೇಶ್ವರ, ಮರಳೇಶ್ವರ ಗುಡಿಗಳಿಗೆ ಮೆಟ್ಟಿಲಿಳಿದು ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲಮೇಲಮ್ಮನ ಶಾಪದ ಕತೆ ಎಲ್ಲರಿಗೂ ಗೊತ್ತು. ಹದಿನಾಲ್ಕನೆಯ ಶತಮಾನದ ಮಾಧವಮಂತ್ರಿ ಅಣೆಕಟ್ಟೆಯಿಂದ ನದಿಯ ಪಾತ್ರ ಬರಿದಾಗಿ ಮರಳು ಗಾಳಿಗೆ ಸಿಕ್ಕಿತೆಂಬ ವಾದವನ್ನು ಕೆ.ಎನ್. ಗಣೇಶಯ್ಯ ಮುಂದಿಟ್ಟಿದ್ದಾರೆ. ಕಾರಣ ಯಾವುದಾದರೂ ಇರಲಿ, ಇಲ್ಲಿ ಒಮ್ಮೆ ಕಂಡದ್ದು ಮತ್ತೆ ಕಾಣುತ್ತದೆಂಬ ಖಾತರಿಯಿಲ್ಲ.

ಉತ್ಖನನದಲ್ಲಂತೂ ಈ ಮಾತು ಇನ್ನೂ ಕಠಿಣ. 1992–93ರಲ್ಲಿ ತಲಕಾಡಿನಲ್ಲಿ ಉತ್ಖನನ ನಡೆಯಿತು. ಅಗೆತವೆಂದರೆ ಪುಟ ಓದಿ ಹರಿದುಹಾಕುತ್ತಾ ಹೋಗುವ ಓದು. ಹೊಯ್ಸಳರ ಕಾಲದ ನೆಲ ತೆಗೆಯದೆ ಅದರ ಕೆಳಗಿನ ಚೋಳರ, ಗಂಗರ ಕಾಲಕ್ಕೆ ಇಳಿಯುವಂತಿಲ್ಲ, ತೆಗೆದ ಮೇಲೆ ಆ ನೆಲ ಇಲ್ಲ. ಆ ಪದರದ ಬಗ್ಗೆ ಉಳಿಯುವುದು ಟಿಪ್ಪಣಿ, ಅಳತೆಯ ನಕ್ಷೆ, ಸಿಕ್ಕ ಮಡಕೆ ಚೂರುಗಳು ಮತ್ತು ಫೋಟೋ. ಅದಕ್ಕೇ ಗುಂಡಿಯ ಚಿತ್ರದಲ್ಲಿ ಕಪ್ಪುಬಿಳುಪು ಅಳತೆಪಟ್ಟಿ, ಉತ್ತರ ದಿಕ್ಕಿನ ಬಾಣ, ಗುಂಡಿಯ ಹೆಸರು ಬರೆದ ಹಲಗೆ ಇಡುತ್ತಾರೆ. ಅದು ಫಿಲ್ಮಿನ ಕಾಲ. ಒಂದು ರೋಲಿಗೆ 36 ಚಿತ್ರ. ಬೆಳಿಗ್ಗೆ ತೆಗೆದದ್ದು ತೊಳೆದು ಬರುವಷ್ಟರಲ್ಲಿ ಆ ನೆಲವನ್ನು ಕೂಲಿಯವರು ಮಕ್ಕರಿಯಲ್ಲಿ ಹೊತ್ತು ಹಾಕಿ ಆಗಿರುತ್ತದೆ. ಬೆಳಕು ಹೆಚ್ಚಾಗಿ ಮರಳಿನ ಬಣ್ಣಗಳೆಲ್ಲ ಒಂದಾಗಿ ಕಂಡಿದ್ದರೆ ಏನೂ ಮಾಡುವಂತಿಲ್ಲ.

ನಿಸ್ತಂತು ಕಾರ್ಡಿನ ನಿಜವಾದ ಉಪಕಾರ ನನಗೆ ಕಾಣುವುದು ಇಲ್ಲಿ, ವೇಗದಲ್ಲಿ ಅಲ್ಲ. ಕ್ಯಾಮೆರಾದ ಬೆನ್ನ ಮೇಲಿನ ಮೂರಂಗುಲದ ಪರದೆ ಬಿಸಿಲಿಗೆ ಏನನ್ನೂ ತೋರಿಸುವುದಿಲ್ಲ. ಚಿತ್ರ ನೆರಳಲ್ಲಿ ಕುಳಿತವರ ಟ್ಯಾಬ್ಲೆಟ್ಟಿಗೆ ಹೋದರೆ ಅವರು ಹಿಗ್ಗಿಸಿ ನೋಡಿ ‘ಬಲಮೂಲೆ ಸಾಲದು, ಇನ್ನೊಂದು ತೆಗೀರಿ’ ಎನ್ನಬಹುದು. ಕೂಲಿಯವರು ಅಲ್ಲಿಯವರೆಗೆ ಕಾಯಬಹುದು. ತೆಗೆಯುವವರ ಕಣ್ಣು ಬೇರೆ, ಓದುವವರ ಕಣ್ಣು ಬೇರೆ. ಇವೆರಡೂ ಕಲ್ಲಿನ ಮುಂದೆ ಒಟ್ಟಿಗಿರುವುದು ಅಪರೂಪ. ಡಿಕ್ಸನ್ ಮತ್ತು ರೈಸ್ ನಡುವೆ ಹದಿನಾಲ್ಕು ವರ್ಷ ಹಿಡಿದದ್ದು ಇಲ್ಲಿ ಅರ್ಧ ನಿಮಿಷಕ್ಕೆ ಇಳಿಯಿತು. ತಲಕಾಡಿನ ಮರಳ ದಿಬ್ಬಗಳ ಮೇಲೆ ಮದುವೆಗೆ ಮುಂಚಿನ ಶೂಟಿಂಗ್ ನಡೆಸುವ ಸ್ಟುಡಿಯೋದವರು ಇದನ್ನು ನಮ್ಮ ಪಂಡಿತರಿಗಿಂತ ಮೊದಲೇ ಕಲಿತಿರಬೇಕು. ಮದುಮಗಳ ಅತ್ತಿಗೆಗೆ ಚಿತ್ರ ಒಪ್ಪಿಗೆಯಾಗದೆ ಅವರಿಗೆ ಮುಂದಿನ ಸೀರೆಗೆ ಹೋಗಲಾಗುವುದಿಲ್ಲ!

ಬಳಸಿದವರಿಗೆ ಅದರ ಕಾಟವೂ ಗೊತ್ತು. ಕಾರ್ಡು ವಿದ್ಯುತ್ತನ್ನು ಕ್ಯಾಮೆರಾದಿಂದಲೇ ಕುಡಿಯುತ್ತದೆ, ಬ್ಯಾಟರಿ ಬೇಗ ಖಾಲಿ. ಉಳಿಸಲೆಂದು ಕ್ಯಾಮೆರಾ ತಾನಾಗಿ ಮಲಗಿದರೆ ಸಾಗಾಟ ಅರ್ಧಕ್ಕೇ ನಿಲ್ಲುತ್ತದೆ. ಲೋಹದ ಮೈಯ ಕ್ಯಾಮೆರಾದೊಳಗಿನಿಂದ ಆ ಪುಟ್ಟ ರೇಡಿಯೋದ ದನಿ ದೂರ ಹೋಗುವುದಿಲ್ಲ. ಇಪ್ಪತ್ತೈದು ಎಂಬಿಯ ರಾ ಫೈಲು ತೆವಳುತ್ತದೆ. ಆದ್ದರಿಂದ ತಿಳಿದವರು ಕ್ಯಾಮೆರಾಕ್ಕೆ ರಾ ಮತ್ತು ಸಣ್ಣ ಜೆಪೆಗ್ ಎರಡನ್ನೂ ಬರೆಯಲು ಹೇಳಿ, ನೋಡಲಿಕ್ಕೆ ಜೆಪೆಗ್ ಮಾತ್ರ ಕಳಿಸಿ, ರಾ ಫೈಲನ್ನು ಕಾರ್ಡಿನಲ್ಲೇ ಉಳಿಸಿಕೊಳ್ಳುತ್ತಿದ್ದರು. ಐ-ಫೈ ಕಾರ್ಡಿನಲ್ಲಿ ಇನ್ನೊಂದು ಸೌಲಭ್ಯವಿತ್ತು: ಚಿತ್ರ ಆಚೆ ತಲುಪಿತೆಂದು ಖಚಿತವಾದ ಮೇಲೆ ಕಾರ್ಡಿನಿಂದ ಅದನ್ನು ತಾನೇ ಅಳಿಸಿ ಜಾಗ ಮಾಡಿಕೊಳ್ಳುವುದು. ಮದುವೆಮನೆಗೆ ಚೆನ್ನ. ಅಗೆತದ ಗುಂಡಿಯ ಪಕ್ಕದಲ್ಲಿ ಅದನ್ನು ಚಾಲೂ ಮಾಡಿಡುವ ಧೈರ್ಯ ನನಗಂತೂ ಬಾರದು. ನೆಲವೂ ಹೋಗಿ, ಮೊದಲ ಪ್ರತಿಯೂ ಹೋಗಿ, ಉಳಿಯುವುದು ಯಾರದೋ ಲ್ಯಾಪ್‌ಟಾಪಿನ ಒಂದೇ ಪ್ರತಿ.

ಈ ಕಾರ್ಡುಗಳ ಆಯುಸ್ಸು ದೊಡ್ಡದಾಗಲಿಲ್ಲ. ಕ್ಯಾಮೆರಾ ತಯಾರಕರು ವೈ-ಫೈಯನ್ನು ಕ್ಯಾಮೆರಾದೊಳಗೇ ಕೂರಿಸಿದರು. 2016ರಲ್ಲಿ ಐ-ಫೈ ಕಂಪನಿ ತನ್ನ ಎಕ್ಸ್2 ಮತ್ತು ಅದಕ್ಕೂ ಹಳೆಯ ಕಾರ್ಡುಗಳಿಗೆ ಬೆಂಬಲ ನಿಲ್ಲಿಸುವುದಾಗಿ ಹೇಳಿತು. ಅವುಗಳನ್ನು ಸಜ್ಜುಗೊಳಿಸುವ ಕೆಲಸ ಕಂಪನಿಯ ಸರ್ವರನ್ನು ನೆಚ್ಚಿಕೊಂಡಿದ್ದರಿಂದ, ದುಡ್ಡು ಕೊಟ್ಟು ಕೊಂಡು ಜೇಬಿನಲ್ಲಿಟ್ಟುಕೊಂಡಿದ್ದ ಕಾರ್ಡಿನ ರೇಡಿಯೋ ಎಲ್ಲೋ ದೂರದ ಕಟ್ಟಡವೊಂದರ ಯಂತ್ರ ನಿಂತೊಡನೆ ನಿರುಪಯೋಗಿಯಾಗುವ ಸ್ಥಿತಿ. ಒಂಬತ್ತು ವರ್ಷದ ಬಾಳು.

ಇತ್ತ ಪಡಿಯಚ್ಚಿನ ಕಾಗದಗಳು ಊರಿಂದೂರಿಗೆ ತಿರುಗುತ್ತಲೇ ಇವೆ. ಕೇಂದ್ರ ಸರ್ಕಾರದ ಶಾಸನ ವಿಭಾಗ 1903ರಲ್ಲಿ ಉದಕಮಂಡಲಕ್ಕೆ ಹೋಗಿ, 1966ರಲ್ಲಿ ಮೈಸೂರಿಗೆ ಬಂದಾಗ ಸಾವಿರಾರು ಪಡಿಯಚ್ಚುಗಳೂ ಜೊತೆಗೆ ಬೆಟ್ಟವಿಳಿದವು. 2021ರಲ್ಲಿ ಮದರಾಸು ಹೈಕೋರ್ಟಿನ ಮಧುರೈ ಪೀಠ ಅವುಗಳಲ್ಲಿನ ತಮಿಳು ಶಾಸನಗಳ ಅಚ್ಚುಗಳನ್ನು ಚೆನ್ನೈಗೆ ಸಾಗಿಸುವಂತೆ ಆದೇಶಿಸಿತು. ರಾಜರಾಜಪುರವಾಗಿದ್ದ ತಲಕಾಡಿನ ಕಲ್ಲುಗಳ ಮೇಲೆ ಕನ್ನಡವೂ ಇದೆ, ತಮಿಳೂ ಇದೆ. ಒಂದೇ ಅಂಗಳದ ಎರಡು ಕಲ್ಲುಗಳ ನಕಲುಗಳನ್ನು ಭಾಷೆ ನೋಡಿ ಎರಡು ರಾಜ್ಯಗಳಿಗೆ ಹಂಚುವುದು ಸರಿಯೇ ಎಂದು ಕೇಳಬಹುದು. ಕಾಗದದ ಕಾಲದಲ್ಲಿ ಅದು ನಿಜಕ್ಕೂ ಒಡೆತನದ ಪ್ರಶ್ನೆ, ಏಕೆಂದರೆ ಅಚ್ಚು ಒಂದೇ. ಅದು ಅಲ್ಲಿದ್ದರೆ ಇಲ್ಲಿಲ್ಲ. ಡಿಜಿಟಲ್ ಪ್ರತಿಗಳನ್ನು ಎರಡೂ ಊರಿನಲ್ಲಿ, ಮೂರನೆಯದನ್ನು ನರಸೀಪುರದ ಕಾಲೇಜಿನಲ್ಲೂ ಇಡಲು ಈಗ ಅಡ್ಡಿಯಿಲ್ಲ. ಟಿಎನ್ ಸಂಖ್ಯೆಯನ್ನು ಕಡತದ ಹೆಸರಿಗೆ ಸೇರಿಸಿ ಇಟ್ಟರೆ ತಲಕಾಡಿನ ಹುಡುಗಿಯೊಬ್ಬಳು ತನ್ನೂರಿನ ಕಲ್ಲನ್ನು ಮೊಬೈಲಿನಲ್ಲಿ ಹುಡುಕಿ, ಮರಳು ಸರಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬಹುದು.