ಗೆಡ್ಡೆಗೆ ರಕ್ತದ ದಾರಿ

ಕ್ಯಾನ್ಸರ್ ಗೆಡ್ಡೆ ಬೆಳೆಯಲು ರಕ್ತ ಬೇಕು. ಹೊಸ ರಕ್ತನಾಳಗಳನ್ನು ತಡೆದರೆ ಅದು ಸೊರಗುತ್ತದೆ ಎಂದು 1971ರಲ್ಲಿ ವಾದಿಸಿದವರು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್. ಯಹೂದಿ ಧರ್ಮಗುರುವೊಬ್ಬರ ಮಗನಾದ ಇವರ ಮಾತನ್ನು ಹಲವು ವಿಜ್ಞಾನಿಗಳು ನಂಬಲಿಲ್ಲ. ಈ ತತ್ವದ ಮೊದಲ ಕ್ಯಾನ್ಸರ್ ಔಷಧಿ ಬೆವಾಸಿಝುಮ್ಯಾಬ್‌ಗೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 2004ರಲ್ಲಿ. ಆ ನಾಳಗಳ ಮೇಲೆ ದೇಹದ ರೋಗನಿರೋಧಕ ಶಕ್ತಿಯೇ ಎರಗುವಂತೆ ಮಾಡುವ ಲಸಿಕೆ ಇನ್ನೂ ಪ್ರಯೋಗದಲ್ಲೇ ಇದೆ.

ಹಾಗಾಗಿ ಕನಕಪುರ ತಾಲೂಕಿನ ಉಯ್ಯಂಬಳ್ಳಿಯಂಥ ಊರಿನ ಬಡ ರೋಗಿಗೆ ಇಂದಿಗೂ ಆಸರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯೇ. 1973ರಲ್ಲಿ ಆರಂಭವಾದ ಅದು ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು ಹೊತ್ತಿದೆ. ಒಂದು ವಿಚಾರ ಔಷಧಿಯಾಗಲು 33 ವರ್ಷ ಹಿಡಿಯಿತು. ಮೈಯಲ್ಲಿ ಗಂಟು ಕಂಡವರು ಲಸಿಕೆಗಾಗಿ ಕಾಯದೆ ಇಂದೇ ತೋರಿಸಿಕೊಳ್ಳಲಿ.